ಹಡಗಿನಲ್ಲಿ ಪಾಸ್‌ಪೋರ್ಟ್ ಯಾರ ಕೈಯಲ್ಲಿ?

ಯಡಿಯೂರು ಸಿದ್ಧಲಿಂಗೇಶ್ವರನ ಹೆಸರಿಟ್ಟುಕೊಂಡವರು ಕುಣಿಗಲ್ ತಾಲ್ಲೂಕಿನ ಯಾವ ಊರಿಗೆ ಹೋದರೂ ಸಿಗುತ್ತಾರೆ. ಗುಬ್ಬಿ ಕಡೆ ಚನ್ನಬಸವಯ್ಯ, ಚನ್ನಬಸಪ್ಪ; ತುಮಕೂರಿನಲ್ಲಿ ಸಿದ್ದಗಂಗಯ್ಯ, ಗಂಗಮ್ಮ, ಶಿವಕುಮಾರ. ಕನ್ನಡದಲ್ಲಿ ಬರೆಯುವವರೆಗೂ ಈ ಹೆಸರುಗಳಲ್ಲಿ ಯಾವ ತೊಡಕೂ ಇಲ್ಲ. ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದ ಕೂಡಲೇ ತೊಡಕು ಶುರುವಾಗುತ್ತದೆ. ಸಿದ್ದಲಿಂಗಯ್ಯ ಎಂಬ ಹಿರಿಯರೊಬ್ಬರನ್ನು ತೆಗೆದುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಎರಡು ಡಿ. ಆಧಾರ್‌ನಲ್ಲಿ ಡಿ ಆದ ಮೇಲೆ ಒಂದು ಎಚ್. ಪ್ಯಾನ್ ಕಾರ್ಡಿನಲ್ಲಿ ಕೊನೆಗೆ ಎರಡು ವೈ. ಇನಿಷಿಯಲ್ ಒಂದು ಕಡೆ ಹೆಸರಿನ ಹಿಂದೆ, ಇನ್ನೊಂದು ಕಡೆ ಮುಂದೆ, ಮತ್ತೊಂದು ಕಡೆ ಬಿಡಿಸಿ ಬರೆದ ತಂದೆಯ ಹೆಸರಾಗಿ. ಊರಲ್ಲಿ ಇದರಿಂದ ಯಾರಿಗೂ ತೊಂದರೆಯಾಗಿಲ್ಲ. ಮಗಳು ಅಮೆರಿಕದಲ್ಲಿ ಕೂತು ಅಪ್ಪ ಅಮ್ಮನಿಗೆಂದು ಕ್ರೂಸ್ ಟಿಕೆಟ್ ಬುಕ್ ಮಾಡಿದ ದಿನ ಇದು ಎದ್ದು ಕೂರುತ್ತದೆ.

ಹಡಗಿನ ಕೌಂಟರಿನಲ್ಲಿ ಕೂತವರಿಗೆ ಸಿದ್ದಲಿಂಗಯ್ಯ ಯಾರೆಂದು ಗೊತ್ತಿಲ್ಲ. ಅವರು ಯಂತ್ರ ಓದಿದ್ದನ್ನು ಓದುತ್ತಾರೆ. ಪಾಸ್‌ಪೋರ್ಟಿನ ಫೋಟೊ ಇರುವ ಪುಟದ ತಳದಲ್ಲಿ ಬಾಣದ ಗುರುತುಗಳಿಂದ ತುಂಬಿದ ಎರಡು ಸಾಲುಗಳಿವೆಯಲ್ಲ, ಒಂದೊಂದರಲ್ಲೂ 44 ಅಕ್ಷರಗಳು. ಜಗತ್ತಿನ ಎಲ್ಲ ಪಾಸ್‌ಪೋರ್ಟ್‌ಗಳಿಗೂ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಗೊತ್ತುಮಾಡಿದ ಅಳತೆ ಅದು. ಅಲ್ಲಿ ಮೊದಲು ಸರ್‌ನೇಮ್, ಆಮೇಲೆ ಗಿವನ್ ನೇಮ್. ಕ್ರೂಸ್ ಟಿಕೆಟ್, ವಿಮಾನದ ಟಿಕೆಟ್, ವೀಸಾ ಅರ್ಜಿ, ಇನ್ಶೂರೆನ್ಸ್, ಎಲ್ಲದರಲ್ಲೂ ಹೆಸರು ಇರಬೇಕಾದ್ದು ಆ ಸಾಲಿನಲ್ಲಿ ಇದ್ದಂತೆ. ಆಧಾರ್‌ನಲ್ಲಿ ಇದ್ದಂತೆಯೂ ಅಲ್ಲ, ಮನೆಯಲ್ಲಿ ಕರೆದಂತೆಯೂ ಅಲ್ಲ. ಮಕ್ಕಳು ನೆನಪಿನಿಂದ ಟೈಪ್ ಮಾಡುವುದು ಬೇಡ. ಆ ಪುಟದ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ಅದನ್ನು ನೋಡಿಕೊಂಡೇ ಬುಕ್ ಮಾಡಲು ಹೇಳಿ.

ನಮ್ಮ ಕಡೆಯ ಹಿರಿಯರಿಗೆ ಸರ್‌ನೇಮ್ ಎಂಬುದೇ ಇಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಹಾಗೇ ಬಿಡುವಂತಿಲ್ಲ, ಬಿಡಿಸಿ ಬರೆಯಬೇಕು, ಇಲ್ಲವೇ ಕೈಬಿಡಬೇಕು. ಕೈಬಿಟ್ಟವರ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಉಳಿಯುತ್ತದೆ, ಸರ್‌ನೇಮ್ ಜಾಗ ಖಾಲಿ. 2022ರ ನವೆಂಬರ್‌ನಲ್ಲಿ ಯುಎಇ ಇಂಥ ಒಂಟಿ ಹೆಸರಿನ ಪಾಸ್‌ಪೋರ್ಟ್‌ಗೆ ಪ್ರವಾಸಿ ವೀಸಾ ಕೊಡುವುದಿಲ್ಲ ಎಂದಾಗ ದುಬೈ ಟೂರಿಗೆ ದುಡ್ಡು ಕಟ್ಟಿದವರೆಲ್ಲ ಗಾಬರಿಯಾಗಿದ್ದರು. ಅಮೆರಿಕದ ವೀಸಾದಲ್ಲಿ ಒಂಟಿ ಹೆಸರಿನವರಿಗೆ ಗಿವನ್ ನೇಮ್ ಜಾಗದಲ್ಲಿ ಎಫ್‌ಎನ್‌ಯು (ಹೆಸರು ತಿಳಿದಿಲ್ಲ) ಎಂಬ ಮೂರಕ್ಷರ ಬೀಳುತ್ತದೆ. ಅಲ್ಲಿಂದ ಮುಂದೆ ವೀಸಾದ ಹೆಸರೇ ಬೇರೆ, ಪಾಸ್‌ಪೋರ್ಟಿನ ಹೆಸರೇ ಬೇರೆ ಎಂಬಂತೆ ಕಾಣುತ್ತದೆ. ಹಾಗಾಗಿ ಹೊಸದಾಗಿ ಪಾಸ್‌ಪೋರ್ಟ್ ಮಾಡಿಸುವವರು ತಂದೆಯ ಹೆಸರನ್ನೋ ಮನೆತನದ ಹೆಸರನ್ನೋ ಬಿಡಿಸಿ ಸರ್‌ನೇಮ್ ಜಾಗಕ್ಕೆ ಹಾಕುವುದು ಮೇಲು. ಆದರೆ ಆಧಾರ್‌ನಲ್ಲೂ ಅದೇ ರೀತಿ ತಿದ್ದಿಸಿಕೊಂಡ ಮೇಲೆಯೇ ಅರ್ಜಿ ಹಾಕಿ.

ಅರ್ಜಿ ಹಾಕುವುದು ಈಗ ಮೊದಲಿನಷ್ಟು ಕಷ್ಟವಲ್ಲ. 2017ರ ಜನವರಿಯಲ್ಲಿ ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ಶುರುವಾದವು. ಆಮೇಲೆ ತುಮಕೂರಿಗೂ ಅಂಥ ಕೇಂದ್ರ ಬಂತು. ಗುಬ್ಬಿಯವರೂ ಕುಣಿಗಲ್‌ನವರೂ ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಓಡುವುದು ತಪ್ಪಿತು. ದೊಡ್ಡವರ 36 ಪುಟದ ಪುಸ್ತಕಕ್ಕೆ 1,500 ರೂಪಾಯಿ, 60 ಪುಟದ್ದಕ್ಕೆ 2,000. ದೊಡ್ಡವರಿಗೆ ಹತ್ತು ವರ್ಷದ ಅವಧಿ, ಮಕ್ಕಳಿಗೆ ಐದು ವರ್ಷ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅದು. ಈ ಐದು ವರ್ಷದ ಲೆಕ್ಕವನ್ನು ತಂದೆತಾಯಿ ಮರೆಯುತ್ತಾರೆ. ತಮ್ಮ ಪುಸ್ತಕ ಇನ್ನೂ ಹಲವು ವರ್ಷ ಓಡುತ್ತದೆ ಎಂಬ ನೆಮ್ಮದಿಯಲ್ಲಿರುವಾಗ ಮಗುವಿನದು ಮುಗಿದಿರುತ್ತದೆ.

ಮುಗಿಯುವ ದಿನಾಂಕವನ್ನು ನೋಡುವಾಗ ಆರು ತಿಂಗಳು ಹಿಂದಕ್ಕೆ ಎಣಿಸಿ ನೋಡಬೇಕು. ಹೆಚ್ಚಿನ ದೇಶಗಳೂ ಹಡಗು ಕಂಪನಿಗಳೂ ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಆಯುಷ್ಯ ಇರಲಿ ಎನ್ನುತ್ತವೆ. ಈ ಆರು ತಿಂಗಳನ್ನು ಹಡಗು ಹೊರಡುವ ದಿನದಿಂದ ಎಣಿಸದೆ, ಪ್ರಯಾಣ ಮುಗಿದು ಇಳಿಯುವ ದಿನದಿಂದ ಎಣಿಸಿದರೆ ಎಲ್ಲಿಯೂ ತಪ್ಪಾಗುವುದಿಲ್ಲ. ಇನ್ನೊಂದು ಮಾತು: ಹಳೆಯ ಪಾಸ್‌ಪೋರ್ಟ್ ಮುಗಿದು ಹೊಸದು ಬಂದಿದೆ, ಅಮೆರಿಕದ ಹತ್ತು ವರ್ಷದ ವೀಸಾ ಮಾತ್ರ ಹಳೆಯದರಲ್ಲೇ ಇದೆ ಎನ್ನುವವರು ನಮ್ಮಲ್ಲಿ ಬಹಳ. ಮೂಲೆ ಕತ್ತರಿಸಿ ರದ್ದು ಮಾಡಿದ ಪುಸ್ತಕ ಅದು, ಇನ್ನೇಕೆ ಎಂದು ಬೀರುವಿನಲ್ಲಿ ಇಟ್ಟು ಹೋಗಬಾರದು. ವೀಸಾ ಇನ್ನೂ ಜೀವಂತ. ಎರಡೂ ಪುಸ್ತಕಗಳು ಜೊತೆಯಲ್ಲಿ ಹೋಗಬೇಕು.

ವಿಮಾನ ಪ್ರಯಾಣಕ್ಕೂ ಹಡಗಿನ ಪ್ರವಾಸಕ್ಕೂ ಕಾಗದಪತ್ರದ ವಿಷಯದಲ್ಲಿ ಇರುವ ದೊಡ್ಡ ವ್ಯತ್ಯಾಸವನ್ನು ಟ್ರಾವೆಲ್ಸ್‌ನವರು ಸಾಮಾನ್ಯವಾಗಿ ಬಿಡಿಸಿ ಹೇಳುವುದಿಲ್ಲ. ವಿಮಾನ ನಿಮ್ಮನ್ನು ಒಂದು ದೇಶದಿಂದ ಇನ್ನೊಂದಕ್ಕೆ ಒಯ್ದು ಬಿಡುತ್ತದೆ. ಹಡಗಿನಲ್ಲಿ ಒಂದೇ ಕ್ಯಾಬಿನ್‌ನಲ್ಲಿ ಮಲಗಿ ಎದ್ದರೂ ಬೆಳಗಾದರೆ ಬೇರೆ ದೇಶ. ಕೊನೆಗೆ ಹೊರಟ ಬಂದರಿಗೇ ವಾಪಸ್. ಅಂದರೆ ಹೊರಟ ದೇಶಕ್ಕೆ ನೀವು ಎರಡು ಸಲ ಪ್ರವೇಶಿಸುತ್ತೀರಿ. ಸಿಂಗಪುರಕ್ಕೆ ಹೋಗಿ ಎರಡು ದಿನ ಊರು ನೋಡಿ, ಮೂರು ರಾತ್ರಿಯ ಕ್ರೂಸ್ ಮಾಡಿ ಮತ್ತೆ ಸಿಂಗಪುರದಲ್ಲಿ ಇಳಿಯುವ ಪ್ಯಾಕೇಜನ್ನು ನಮ್ಮ ಕಡೆಯವರು ಬಹಳ ಇಷ್ಟಪಡುತ್ತಾರೆ. ಇಂಥ ಹಡಗುಗಳು ನಡುವೆ ಮುಟ್ಟುವ ಮಲೇಷ್ಯಾ 2023ರ ಡಿಸೆಂಬರ್‌ನಿಂದ ಭಾರತೀಯ ಪ್ರವಾಸಿಗಳಿಗೆ ವೀಸಾ ವಿನಾಯಿತಿ ಕೊಟ್ಟಿದೆ. ಆದರೆ ಸಿಂಗಪುರಕ್ಕೆ ನಮಗೆ ವೀಸಾ ಬೇಕು, ಅದೂ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬಿಡುವ ಮಲ್ಟಿಪಲ್ ಎಂಟ್ರಿ ಆಗಿರಬೇಕು. ಹಡಗು ಹತ್ತಿದಿರಿ ಎಂದರೆ ಸಿಂಗಪುರ ಬಿಟ್ಟಂತೆ ಲೆಕ್ಕ.

ಯುರೋಪಿನಲ್ಲೂ ಇದೇ ಕಥೆ. ಷೆಂಗೆನ್ ವೀಸಾ ಇದ್ದರೆ ಗ್ರೀಸ್, ಇಟಲಿ, ಸ್ಪೇನ್, 2023ರ ಜನವರಿಯಿಂದ ಕ್ರೊಯೇಷ್ಯಾ ಕೂಡ ಒಂದೇ ಮನೆ. ಅಥೆನ್ಸ್ ಬಳಿಯ ಪಿರೇಯಸ್ ಬಂದರಿನಿಂದ ಹೊರಟ ಹಡಗು ದ್ವೀಪಗಳನ್ನು ಸುತ್ತಿ ನಡುವೆ ಒಂದು ದಿನ ಟರ್ಕಿಯ ಕುಶಾದಾಸಿಗೆ ಹೋದರೆ ಆ ಮನೆಯಿಂದ ಹೊರಬಿದ್ದಂತೆ. ಒಂದೇ ಪ್ರವೇಶದ ವೀಸಾ ಅಲ್ಲಿಗೆ ಮುಗಿಯಿತು. ಟರ್ಕಿಯ ವೀಸಾ ಬೇಕೋ ಎಂದು ಬೇರೆಯಾಗಿ ಕೇಳಿಕೊಳ್ಳಬೇಕು. ಹಡಗಿನಿಂದ ಇಳಿಯುವುದೇ ಇಲ್ಲ, ಒಳಗೇ ಕೂತಿರುತ್ತೇನೆ ಎಂದರೂ ಕೆಲವು ಬಂದರುಗಳ ವೀಸಾ ಇಲ್ಲದವರನ್ನು ಕಂಪನಿಯವರು ಹತ್ತಿಸಿಕೊಳ್ಳುವುದೇ ಇಲ್ಲ. ಆದ್ದರಿಂದ ಹಡಗು ನಿಲ್ಲುವ ಪ್ರತಿಯೊಂದು ಬಂದರಿನ ಹೆಸರು ಬರೆದುಕೊಂಡು, ಭಾರತೀಯ ಪಾಸ್‌ಪೋರ್ಟಿಗೆ ಅಲ್ಲಿ ಏನು ಬೇಕು ಎಂದು ಕಂಪನಿಯಿಂದ ಇಮೇಲ್‌ನಲ್ಲಿ ಉತ್ತರ ತರಿಸಿಕೊಳ್ಳಿ. ಫೋನಿನಲ್ಲಿ ‘ಏನೂ ಬೇಡ ಸಾರ್’ ಎಂದವರು ಕೌಂಟರಿನ ಹತ್ತಿರ ಇರುವುದಿಲ್ಲ.

ತುಮಕೂರಿನ ತಂದೆತಾಯಿಯರು ಹೆಚ್ಚಾಗಿ ಹಡಗು ಹತ್ತುವುದು ಅಮೆರಿಕದಲ್ಲಿ, ಮಕ್ಕಳ ಮನೆಗೆ ಹೋದಾಗ. ಅಲ್ಲಿ ಒಂದು ಹಳೆಯ ಕಾನೂನು ನಮ್ಮವರ ವೀಸಾವನ್ನು ತಟ್ಟುತ್ತದೆ. 1886ರ ಪ್ಯಾಸೆಂಜರ್ ವೆಸೆಲ್ ಸರ್ವಿಸಸ್ ಆ್ಯಕ್ಟ್ ಪ್ರಕಾರ ವಿದೇಶಿ ಧ್ವಜದ ಹಡಗು ಅಮೆರಿಕದ ಬಂದರುಗಳ ನಡುವೆಯಷ್ಟೇ ಪ್ರಯಾಣಿಕರನ್ನು ಸುತ್ತಾಡಿಸುವಂತಿಲ್ಲ; ನಡುವೆ ಒಂದಾದರೂ ವಿದೇಶಿ ಬಂದರನ್ನು ಮುಟ್ಟಬೇಕು. ದೊಡ್ಡ ಕ್ರೂಸ್ ಹಡಗುಗಳ ಮೇಲೆ ಹಾರುವುದು ಹೆಚ್ಚಾಗಿ ಬಹಾಮಾಸ್, ಪನಾಮಾದಂಥ ದೇಶಗಳ ಧ್ವಜ. ಹಾಗಾಗಿ ಸಿಯಾಟಲ್‌ನಿಂದ ಅಲಾಸ್ಕಾದ ಹಿಮನದಿ ತೋರಿಸಲು ಹೊರಟ ಹಡಗು ಕೆನಡಾದ ವಿಕ್ಟೋರಿಯಾದಲ್ಲಿ ಸಂಜೆ ಕೆಲವು ಗಂಟೆಯಾದರೂ ನಿಲ್ಲುತ್ತದೆ. ಅಮೆರಿಕದ ಪಾಸ್‌ಪೋರ್ಟ್ ಇರುವ ಮೊಮ್ಮಗನಿಗೆ ಅದು ಏನೂ ಅಲ್ಲ. ಭಾರತೀಯ ಪಾಸ್‌ಪೋರ್ಟಿನ ಅಜ್ಜ ಅಜ್ಜಿಗೆ ಕೆನಡಾ ವೀಸಾದ ಪ್ರಶ್ನೆ ಏಳುತ್ತದೆ. ವ್ಯಾಂಕೂವರ್‌ನಿಂದ ಹೊರಡುವ ಹಡಗಾದರೆ ಪ್ರಶ್ನೆಯೇ ಇಲ್ಲ, ವೀಸಾ ಬೇಕೇ ಬೇಕು.

ಇದಕ್ಕಿಂತ ಅಪಾಯ ಮಕ್ಕಳದ್ದು. ಎಚ್-1ಬಿ ಉದ್ಯೋಗ ವೀಸಾದಲ್ಲಿ ಕೆಲಸ ಮಾಡುವ ಮಗನ ವಾಸದ ಅನುಮತಿ ಸರಿಯಿರುತ್ತದೆ, ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ಮಾತ್ರ ಮುಗಿದಿರುತ್ತದೆ. ದೇಶ ಬಿಟ್ಟು ಹೋಗದವರೆಗೂ ಅದರಿಂದ ತೊಂದರೆಯಿಲ್ಲ. ಕೆನಡಾ, ಮೆಕ್ಸಿಕೊಗೆ ಮಾತ್ರ ಮೂವತ್ತು ದಿನದೊಳಗೆ ಹೋಗಿ ಬಂದರೆ ಹಳೆಯ ವೀಸಾವನ್ನೇ ಒಪ್ಪಿಕೊಳ್ಳುವ ಒಂದು ನಿಯಮ ಅಲ್ಲಿದೆ. ಕೆರಿಬಿಯನ್ ದ್ವೀಪಗಳಿಗೆ ಹೋದ ಎಚ್-1ಬಿಯವರಿಗೆ ಆ ನಿಯಮ ಅನ್ವಯಿಸುವುದಿಲ್ಲ. ಅಪ್ಪ ಅಮ್ಮನಿಗೆ ಸಮುದ್ರ ತೋರಿಸಲು ಮಯಾಮಿಯಿಂದ ಬಹಾಮಾಸ್‌ಗೆ ಹೊರಟ ಮಗ, ಕೆಲಸವಿರುವ ದೇಶಕ್ಕೆ ವಾಪಸ್ ಬರಲಾಗದೆ ಸಿಕ್ಕಿಕೊಳ್ಳಬಹುದು. ತಂದೆತಾಯಿಯ ಪ್ರವಾಸಿ ವೀಸಾ ಸಾಮಾನ್ಯವಾಗಿ ಮಲ್ಟಿಪಲ್ ಎಂಟ್ರಿ ಆಗಿರುವುದರಿಂದ ಅವರು ಒಳಗೆ, ಮಗ ಹೊರಗೆ. ಟಿಕೆಟ್ ಬುಕ್ ಮಾಡುವ ಮೊದಲು ಎಲ್ಲರ ಪಾಸ್‌ಪೋರ್ಟನ್ನೂ ಮೇಜಿನ ಮೇಲೆ ಹರಡಿ ನೋಡಬೇಕು ಎನ್ನುವುದು ಇದಕ್ಕೇ. ಹಿರಿಯರಿಗೂ ಒಂದು ತಿಳಿದಿರಲಿ: ಕ್ರೂಸ್ ಮಾಡಿ ಬಂದ ಮಾತ್ರಕ್ಕೆ ಅಮೆರಿಕದಲ್ಲಿ ಇರಲು ಹೊಸದಾಗಿ ಆರು ತಿಂಗಳು ಸಿಗುತ್ತದೆ ಎಂದು ಎಣಿಸಬಾರದು.

ಇನ್ನು ಹಡಗು ಹತ್ತುವ ದಿನ. ಬಂದರಿನ ಬಾಗಿಲಲ್ಲೇ ಕೂಲಿಯವರು ದೊಡ್ಡ ಸೂಟ್‌ಕೇಸ್‌ಗಳನ್ನು ತೆಗೆದುಕೊಂಡು ಹೋಗುತ್ತಾರೆ. ಅವು ಕ್ಯಾಬಿನ್ ಬಾಗಿಲಿಗೆ ಬರುವುದು ಕೆಲವು ಗಂಟೆಗಳ ನಂತರ, ಒಮ್ಮೊಮ್ಮೆ ರಾತ್ರಿ. ಭದ್ರವಾಗಿರಲಿ ಎಂದು ಪಾಸ್‌ಪೋರ್ಟನ್ನು ಸೀರೆಗಳ ಮಡಿಕೆಯಲ್ಲಿ, ಸೂಟ್‌ಕೇಸಿನ ತಳದಲ್ಲಿ ಇಟ್ಟವರು ಕೌಂಟರಿನ ಮುಂದೆ ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ. ಪಾಸ್‌ಪೋರ್ಟ್, ವೀಸಾ, ಮಾತ್ರೆಗಳು, ಡಾಕ್ಟರ ಚೀಟಿ ಮೈಮೇಲಿನ ಚೀಲದಲ್ಲೇ ಇರಬೇಕು.

ಚೆಕ್-ಇನ್ ಆದ ಮೇಲೆ ನಮ್ಮವರನ್ನು ತುಂಬ ಗಾಬರಿಗೊಳಿಸುವ ಗಳಿಗೆ ಬರುತ್ತದೆ. ಹಲವು ಮಾರ್ಗಗಳಲ್ಲಿ ಹಡಗಿನವರು ಪಾಸ್‌ಪೋರ್ಟನ್ನು ತಾವೇ ಇಟ್ಟುಕೊಳ್ಳುತ್ತಾರೆ. ಯಾವ ಕಾರಣಕ್ಕೂ ಪಾಸ್‌ಪೋರ್ಟ್ ಕೈಬಿಡಬೇಡಿ ಎಂದು ಊರಿನಿಂದ ಹೇಳಿಸಿಕೊಂಡು ಬಂದವರಿಗೆ ಇದರಿಂದ ಎದೆ ಧಸಕ್ಕೆನ್ನುತ್ತದೆ. ಆದರೆ ಇದರ ಹಿಂದೆ ನ್ಯಾಯವಾದ ಕಾರಣವಿದೆ. ಹಡಗು ಬಂದರಿಗೆ ಬಂದ ಕೂಡಲೇ ಅಲ್ಲಿನ ಇಮಿಗ್ರೇಷನ್ ಅಧಿಕಾರಿಗಳಿಗೆ ಪ್ರಯಾಣಿಕರ ಪಟ್ಟಿಯನ್ನೂ, ಕೇಳಿದರೆ ಪಾಸ್‌ಪೋರ್ಟ್‌ಗಳನ್ನೂ ತೋರಿಸಬೇಕು. ಪಟ್ಟಿ ಹೇಗಿರಬೇಕು ಎಂಬ ಬಗ್ಗೆ 1965ರಲ್ಲಿ ಲಂಡನ್‌ನಲ್ಲಿ ಆದ ಒಂದು ಅಂತರರಾಷ್ಟ್ರೀಯ ಒಪ್ಪಂದವೇ ಇದೆ. ಎರಡು ಮೂರು ಸಾವಿರ ಜನರನ್ನು ಬೆಳಗಿನ ಜಾವ ಎಬ್ಬಿಸಿ ಸಾಲಿನಲ್ಲಿ ನಿಲ್ಲಿಸುವ ಬದಲು ಪುಸ್ತಕಗಳನ್ನು ಒಟ್ಟಿಗೆ ತೋರಿಸಿ ಮುಗಿಸುತ್ತಾರೆ. ಆಮೇಲೆ ನಿಮ್ಮ ಗುರುತು ಎಂದರೆ ಹಡಗಿನವರು ಕೊಡುವ ಕಾರ್ಡ್. ಬಾಗಿಲಲ್ಲಿ ಅದನ್ನು ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ನಿಮ್ಮ ಮುಖ ಬರುತ್ತದೆ. ಯಾರು ಇಳಿದರು, ಯಾರು ಹತ್ತಿಲ್ಲ ಎಂಬ ಲೆಕ್ಕ ಅದರಿಂದಲೇ.

ಹಾಗಾದರೆ ಯಾರಿಗೆ ಕೊಡಬಹುದು, ಯಾರಿಗೆ ಕೊಡಬಾರದು? 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಸೆಕ್ಷನ್ ಹೇಳುವಂತೆ ಈ ಪುಸ್ತಕ ಯಾವಾಗಲೂ ಕೇಂದ್ರ ಸರ್ಕಾರದ ಸ್ವತ್ತು. ನಿಮ್ಮ ಹೆಸರಿದ್ದರೂ ಅದು ನಿಮ್ಮ ಬಳಿ ಇರುವ ಸರ್ಕಾರದ ವಸ್ತು. ಅದನ್ನು ಮುಟ್ಟುಗೋಲು ಹಾಕುವ ಅಧಿಕಾರ 10ನೇ ಸೆಕ್ಷನ್ ಪ್ರಕಾರ ಪಾಸ್‌ಪೋರ್ಟ್ ಪ್ರಾಧಿಕಾರಕ್ಕೆ ಸೇರಿದ್ದು. 2008ರಲ್ಲಿ ಸುರೇಶ್ ನಂದಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿತು. ಹಡಗಿನ ಕೌಂಟರಿನಲ್ಲಿ, ಸಮವಸ್ತ್ರದ ಸಿಬ್ಬಂದಿಗೆ, ಇಮಿಗ್ರೇಷನ್ ಕೆಲಸಕ್ಕೆಂದು ಕೊಟ್ಟು, ಸಾಧ್ಯವಾದರೆ ರಸೀದಿ ಪಡೆದು, ಯಾವ ದಿನ ಎಲ್ಲಿ ವಾಪಸ್ ಎಂದು ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ. ಗುಂಪಿನಲ್ಲಿ ಹೋದಾಗ ‘ಎಲ್ಲರದ್ದೂ ನನ್ನ ಹತ್ತಿರ ಇರಲಿ’ ಎನ್ನುವ ಟೂರ್ ಮ್ಯಾನೇಜರ್ ಕೈಗೆ ಇಡೀ ಪ್ರವಾಸಕ್ಕೆ ಕೊಟ್ಟುಬಿಡುವುದನ್ನು ನಾನು ಒಪ್ಪುವುದಿಲ್ಲ. ಅವರ ಚೀಲ ಕಳೆದರೆ ನಲವತ್ತು ಜನರ ಪ್ರವಾಸ ಒಟ್ಟಿಗೆ ನಿಲ್ಲುತ್ತದೆ.

ಹಡಗಿನವರು ಇಟ್ಟುಕೊಳ್ಳದಿದ್ದಾಗ ಬಂದರಿಗೆ ಇಳಿಯುವ ದಿನ ಪಾಸ್‌ಪೋರ್ಟ್ ಒಯ್ಯಬೇಕೋ, ಕ್ಯಾಬಿನ್ ಲಾಕರಿನಲ್ಲಿ ಬಿಡಬೇಕೋ? ಪ್ರವಾಸಿಗಳಲ್ಲಿ ಎರಡು ಪಕ್ಷಗಳಿವೆ. ಒಯ್ಯಿರಿ ಎನ್ನುವವರಿಗೆ ಹಡಗು ತಪ್ಪಿಹೋದರೆ ಎಂಬ ಭಯ. ಬಿಡಿ ಎನ್ನುವವರಿಗೆ ಜೇಬುಗಳ್ಳರ ಭಯ. ಹಡಗು ತಪ್ಪಿಸಿಕೊಂಡವರ ಕ್ಯಾಬಿನ್ ತೆರೆದು ಪಾಸ್‌ಪೋರ್ಟ್ ಹುಡುಕಿ ಬಂದರಿನ ಏಜೆಂಟರ ಕೈಗೆ ಕೊಟ್ಟುಹೋಗುವ ರೂಢಿ ಹಲವು ಹಡಗುಗಳಲ್ಲಿದೆ. ಜೇಬುಗಳ್ಳರು ಹಾಗೆ ವಾಪಸ್ ಕೊಡುವುದಿಲ್ಲ. ಆದ್ದರಿಂದ ಬಿಡುವುದೇ ಮೇಲೆಂದು ನನಗೆ ತೋರುತ್ತದೆ. ಕೆಲವು ಬಂದರುಗಳಲ್ಲಿ ಮೂಲ ಪಾಸ್‌ಪೋರ್ಟ್ ಕಡ್ಡಾಯ. ಹಿಂದಿನ ರಾತ್ರಿ ಕ್ಯಾಬಿನ್ನಿಗೆ ಬರುವ ಸೂಚನಾ ಪತ್ರದಲ್ಲಿ ಅದನ್ನು ತಿಳಿಸಿರುತ್ತಾರೆ. ಉಳಿದ ಕಡೆ ಹಡಗಿನ ಕಾರ್ಡ್, ಫೋಟೊ ಇರುವ ಇನ್ನೊಂದು ಗುರುತಿನ ಚೀಟಿ, ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ ಹಾಗೂ ವೀಸಾದ ಜೆರಾಕ್ಸ್ ಸಾಕು. ಅದೇ ಪುಟಗಳ ಫೋಟೊ ಫೋನಿನಲ್ಲಿರಲಿ, ಇನ್ನೊಂದು ಪ್ರತಿ ತುಮಕೂರಿನಲ್ಲಿ ಉಳಿದ ಯಾರಾದರೊಬ್ಬರ ಬಳಿ ಇರಲಿ. ಬಂದರಿನ ಏಜೆಂಟರ ಫೋನ್ ನಂಬರ್ ಅದೇ ಸೂಚನಾ ಪತ್ರದಲ್ಲಿ ಇರುತ್ತದೆ, ಇಳಿಯುವ ಮುನ್ನ ಅದರ ಫೋಟೊ ತೆಗೆದುಕೊಳ್ಳಿ.

ಕಳೆದೇ ಹೋದರೆ ಮೊದಲು ಹಡಗಿನ ಕೌಂಟರಿಗೆ, ಆಮೇಲೆ ಆ ಊರಿನ ಪೊಲೀಸರಿಗೆ ತಿಳಿಸಿ ದೂರಿನ ಪ್ರತಿ ಪಡೆಯಬೇಕು, ನಂತರ ಆ ದೇಶದ ಭಾರತೀಯ ದೂತಾವಾಸಕ್ಕೆ. ಕೂಡಲೇ ಊರಿಗೆ ಮರಳಬೇಕಾದವರಿಗೆ ದೂತಾವಾಸ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತದೆ. ಅದು ಭಾರತಕ್ಕೆ ವಾಪಸ್ ಬರಲು ಮಾತ್ರ, ಒಂದೇ ದಾರಿಗೆ. ಅದನ್ನು ಹಿಡಿದು ಮುಂದಿನ ಬಂದರಿಗೆ ಹೋಗಲಾಗುವುದಿಲ್ಲ. ಮೂಲ ಪುಸ್ತಕದ ನಕಲು ಕೈಯಲ್ಲಿದ್ದವರ ಕೆಲಸ ಅಲ್ಲಿ ಬೇಗ ಆಗುತ್ತದೆ. ದೂತಾವಾಸದಲ್ಲಿ ಉತ್ತರ ಸಿಗದಿದ್ದರೆ ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು.

ಮೊಮ್ಮಕ್ಕಳನ್ನು ಅಜ್ಜ ಅಜ್ಜಿಯೇ ಕರೆದುಕೊಂಡು ಹೋಗುವುದಾದರೆ ತಂದೆತಾಯಿ ಇಬ್ಬರೂ ಸಹಿ ಮಾಡಿ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಇರಲಿ. ಅಮೆರಿಕದಲ್ಲಿ ಹುಟ್ಟಿದ ಮಗು ರಜೆಗೆ ಗುಬ್ಬಿಗೆ ಬಂದು ಇಲ್ಲಿಂದಲೇ ಹೊರದೇಶದ ಕ್ರೂಸಿಗೆ ಹೊರಟರೆ ಅದರ ಅಮೆರಿಕನ್ ಪಾಸ್‌ಪೋರ್ಟ್ ಜೊತೆ ಒಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡನ್ನೂ ಮರೆಯಬೇಡಿ. ವಾಪಸ್ ಬರುವಾಗ ಅದು ಭಾರತಕ್ಕೆ ಬರುವ ವಿದೇಶಿ ಪ್ರಜೆ.

ಪಾಸ್‌ಪೋರ್ಟೇ ಬೇಡದ ಕ್ರೂಸ್‌ಗಳೂ ಇವೆ. 2021ರ ಸೆಪ್ಟೆಂಬರ್‌ನಲ್ಲಿ ಶುರುವಾದ ಕಾರ್ಡೀಲಿಯಾ ಕಂಪನಿಯ ಹಡಗಿನಲ್ಲಿ ಮುಂಬೈಯಿಂದ ಗೋವಾಕ್ಕೆ ಹೋಗುವ ಭಾರತೀಯರಿಗೆ ಆಧಾರ್‌ನಂಥ ಫೋಟೊ ಇರುವ ಮೂಲ ಗುರುತಿನ ಚೀಟಿ ಸಾಕು. 2023ರಲ್ಲಿ ಅದೇ ಕಂಪನಿ ಚೆನ್ನೈಯಿಂದ ಶ್ರೀಲಂಕಾಕ್ಕೆ ಹೊರಟಾಗ ಪಾಸ್‌ಪೋರ್ಟ್ ಬೇಕಾಯಿತು. ಇವೆರಡರ ನಡುವೆ ಲಕ್ಷದ್ವೀಪ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳ ಅಮಿನ್‌ದೀವಿ ಗುಂಪು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು, ಮಂಗಳೂರಿನಿಂದಲೇ ಅದರ ಆಡಳಿತ. ಇಂದು ಅದು ನಮ್ಮದೇ ದೇಶವಾದರೂ 1967ರ ನಿಯಮದಂತೆ ದ್ವೀಪದವರಲ್ಲದವರಿಗೆ ಪ್ರವೇಶ ಪರ್ಮಿಟ್ ಬೇಕು. ಕ್ರೂಸ್ ಕಂಪನಿಯೇ ಮಾಡಿಸಿಕೊಡುತ್ತದೆ ಎಂದರೆ ಅದು ಕೈಗೆ ಬಂದಿದೆಯೇ ಎಂದು ಹೊರಡುವ ಮೊದಲೇ ಕೇಳಿ.

ಕಾಗದಪತ್ರದ ಈ ಕಟ್ಟುನಿಟ್ಟು ನಮ್ಮ ಬಂದರುಗಳಲ್ಲೂ ಇದೆ. ಕುಣಿಗಲ್ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75 ಹಾಸನ, ಸಕಲೇಶಪುರ ದಾಟಿ ಮಂಗಳೂರಿನ ಕಡೆಗೆ ಇಳಿಯುತ್ತದೆ. ಮಂಗಳೂರಿನ ಪಣಂಬೂರಿನಲ್ಲಿರುವ ನವಮಂಗಳೂರು ಬಂದರಿಗೆ ಚಳಿಗಾಲದಲ್ಲಿ ಕ್ರೂಸ್ ಹಡಗುಗಳು ಬರುತ್ತವೆ. ಇ-ವೀಸಾದಲ್ಲಿ ಸಮುದ್ರದ ಮೂಲಕ ಭಾರತಕ್ಕೆ ಬರಲು ಅವಕಾಶ ಕೊಟ್ಟ ಮೊದಲ ಐದು ಬಂದರುಗಳಲ್ಲಿ ಅದೂ ಒಂದು. ಅಲ್ಲಿಗೆ ಬಂದ ವಿದೇಶಿಯರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕದ್ರಿ ದೇವಸ್ಥಾನ ನೋಡಿ ಸಂಜೆಗೆ ಹಡಗಿಗೆ ಮರಳುತ್ತಾರೆ. ಭಾರತದ ವೀಸಾ ಇಲ್ಲದವರನ್ನು ನಮ್ಮ ಅಧಿಕಾರಿಗಳೂ ಇಳಿಯಲು ಬಿಡುವುದಿಲ್ಲ.  

ಕೊನೆಗೆ, ಹಡಗಿನಲ್ಲಿ ಪ್ರವಾಸಕ್ಕಲ್ಲ, ಕೆಲಸಕ್ಕೆ ಹೋಗುವ ನಮ್ಮ ಹುಡುಗರ ವಿಷಯ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವರನ್ನು ಕ್ರೂಸ್ ಹಡಗಿನ ಅಡುಗೆಮನೆ, ಹೌಸ್‌ಕೀಪಿಂಗ್ ಕೆಲಸಗಳು ಸೆಳೆಯುತ್ತವೆ. ಅವರಿಗೆ ಪಾಸ್‌ಪೋರ್ಟ್ ಜೊತೆ ನಾವಿಕರ ದಾಖಲೆ ಪುಸ್ತಕವೂ ಬೇಕು. ಅದೇ ಹಡಗಿನವರು ಸಿಡಿಸಿ ಎನ್ನುವ ಕಂಟಿನ್ಯುಯಸ್ ಡಿಸ್ಚಾರ್ಜ್ ಸರ್ಟಿಫಿಕೇಟ್. ಸಮುದ್ರದಲ್ಲಿ ಎಷ್ಟು ದಿನ, ಯಾವ ಹಡಗಿನಲ್ಲಿ ಕೆಲಸ ಮಾಡಿದರು ಎಂಬುದು ಅದರಲ್ಲಿ ಬೀಳುತ್ತದೆ. ಹಡಗು ಹತ್ತಿದ ಮೇಲೆ ಅವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಹಡಗಿನ ಕಚೇರಿಯಲ್ಲಿರುತ್ತದೆ, ಅದು ಬಂದರಿನ ಕೆಲಸಕ್ಕೆ. ಹತ್ತುವ ಮೊದಲೇ, ಊರಿನಲ್ಲೇ, ‘ದುಡ್ಡು ಪೂರ್ತಿ ಕಟ್ಟುವವರೆಗೆ ಪಾಸ್‌ಪೋರ್ಟ್ ನಮ್ಮ ಹತ್ತಿರ ಇರಲಿ’ ಎನ್ನುವ ಏಜೆಂಟರ ಮಾತು ಬೇರೆ. ನಾವಿಕರನ್ನು ಕೆಲಸಕ್ಕೆ ಕಳಿಸುವವರಿಗೆ ಹಡಗುಯಾನ ಮಹಾನಿರ್ದೇಶನಾಲಯದ ಆರ್‌ಪಿಎಸ್‌ಎಲ್ ಪರವಾನಗಿ ಇರಬೇಕು. ಭಾರತ 2015ರಲ್ಲಿ ಒಪ್ಪಿಕೊಂಡ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರ, ಕೆಲಸ ಕೊಡಿಸಿದ್ದಕ್ಕೆಂದು ಅವರು ಹುಡುಗನಿಂದ ದುಡ್ಡು ವಸೂಲಿ ಮಾಡುವಂತಿಲ್ಲ. ಪರವಾನಗಿ ಪಡೆದವರ ಪಟ್ಟಿ ನಿರ್ದೇಶನಾಲಯದ ವೆಬ್‌ಸೈಟಿನಲ್ಲಿದೆ. ಅದರಲ್ಲಿ ಹೆಸರಿಲ್ಲದ ಏಜೆಂಟರಿಗೆ ಪಾಸ್‌ಪೋರ್ಟ್ ಕೊಟ್ಟು ಬಂದಿದ್ದರೆ ಇವತ್ತೇ ಹೋಗಿ ವಾಪಸ್ ಕೇಳಿ. ಕೊಡದಿದ್ದರೆ ಹತ್ತಿರದ ಠಾಣೆಯಲ್ಲಿ ದೂರು ಕೊಟ್ಟು, ಅದರ ಪ್ರತಿಯನ್ನು ಬೆಂಗಳೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಗೂ ಕಳಿಸಿ.